ಹಿಂದಕ್ಕೆ ತಿರುಗಿದ ಮೀಟರ್

ಬಿಸಿಲು ಎಲ್ಲರಿಗೂ ಪುಕ್ಕಟೆ. ಆದರೆ ಆ ಬಿಸಿಲಿನಿಂದ ಮನೆಯ ತಾರಸಿಯಲ್ಲಿ ಕರೆಂಟು ತಯಾರಾದರೆ ವಿದ್ಯುತ್ ಕಂಪನಿಗಳಿಗೆ ಚಿಂತೆ ಶುರುವಾಗುತ್ತದೆ! ಯಾಕೆ? ಇದಕ್ಕೆ ಉತ್ತರ ಅಮೆರಿಕಾದ ಇತಿಹಾಸದಲ್ಲಿದೆ.

1882ರಲ್ಲಿ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ವಿದ್ಯುತ್ ಕೇಂದ್ರ ತೆರೆದರು. ಅವರ ಕಾರ್ಯದರ್ಶಿಯಾಗಿದ್ದ ಸ್ಯಾಮ್ಯುಯೆಲ್ ಇನ್ಸಲ್ 1892ರಲ್ಲಿ ಶಿಕಾಗೋಗೆ ಹೋಗಿ ಅಲ್ಲಿನ ಕಂಪನಿಯ ಮುಖ್ಯಸ್ಥರಾದರು. ಒಂದೇ ಬೀದಿಯಲ್ಲಿ ಎರಡು ಕಂಪನಿಗಳು ಕಂಬ ನೆಟ್ಟರೆ ಇಬ್ಬರಿಗೂ ನಷ್ಟ. ಊರಿಗೆ ಒಂದೇ ಕಂಪನಿ ಇರಲಿ, ದರವನ್ನು ಸರಕಾರಿ ಆಯೋಗ ನಿಗದಿ ಮಾಡಲಿ ಎಂದು ಅವರು 1898ರಲ್ಲೇ ವಾದಿಸಿದರು. 1907ರಲ್ಲಿ ವಿಸ್ಕಾನ್ಸಿನ್ ಮತ್ತು ನ್ಯೂಯಾರ್ಕ್ ರಾಜ್ಯಗಳು ಈ ದಾರಿ ಹಿಡಿದವು. ಕಂಬ, ತಂತಿ, ಟ್ರಾನ್ಸ್‌ಫಾರ್ಮರುಗಳಿಗೆ ಹಾಕಿದ ಹಣದ ಬಹುಪಾಲು ಮಾರಿದ ಯೂನಿಟ್ಟುಗಳಿಂದಲೇ ಹಿಂದೆ ಬರಬೇಕು. ಹೆಚ್ಚು ಮಾರಿದಷ್ಟೂ ಕಂಪನಿಗೆ ಒಳ್ಳೆಯದು.

1954ರಲ್ಲಿ ಬೆಲ್ ಪ್ರಯೋಗಾಲಯ ಸಿಲಿಕಾನ್ ಸೌರಕೋಶವನ್ನು ಜಗತ್ತಿಗೆ ತೋರಿಸಿತು. 1983ರಲ್ಲಿ ಮಿನ್ನೆಸೋಟಾ ರಾಜ್ಯ ಒಂದು ಕಾನೂನು ತಂದಿತು: ಸಣ್ಣ ಉತ್ಪಾದಕರು ತಂತಿಗೆ ಕೊಟ್ಟ ಕರೆಂಟನ್ನು ಅವರು ಬಳಸಿದ ಕರೆಂಟಿನಿಂದ ಕಳೆಯಬೇಕು. ಇದೇ ನೆಟ್ ಮೀಟರಿಂಗ್. ಹಳೆಯ ಮೀಟರಿನ ಚಕ್ರ ಹಿಂದಕ್ಕೆ ತಿರುಗಿದರಾಯಿತು, ಲೆಕ್ಕ ಮುಗಿಯಿತು! ಫಲಕಗಳು ದುಬಾರಿಯಾಗಿದ್ದಷ್ಟು ಕಾಲ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಬೆಲೆ ಇಳಿದಾಗ ಕಂಪನಿಗಳು ಎಚ್ಚೆತ್ತವು. ಸ್ಥಿರ ದೂರವಾಣಿಗೆ ಬಂದ ಗತಿ ನಮಗೂ ಬರಬಹುದು ಎಂದು ಅವುಗಳ ಒಕ್ಕೂಟವಾದ ಎಡಿಸನ್ ಎಲೆಕ್ಟ್ರಿಕ್ ಇನ್‌ಸ್ಟಿಟ್ಯೂಟ್ 2013ರ ವರದಿಯಲ್ಲಿ ಎಚ್ಚರಿಸಿತು.

ಜಗಳ ತಾರಕಕ್ಕೇರಿದ್ದು ನೆವಾಡಾದಲ್ಲಿ. 2015ರ ಡಿಸೆಂಬರಿನಲ್ಲಿ ಅಲ್ಲಿನ ಆಯೋಗ ಸೌರ ಮನೆಗಳ ನಿಗದಿತ ಶುಲ್ಕವನ್ನು ಹಂತಹಂತವಾಗಿ ಏರಿಸಲು, ಹಿಂದಿರುಗಿಸಿದ ಕರೆಂಟಿನ ದರವನ್ನು ಇಳಿಸಲು ತೀರ್ಮಾನಿಸಿತು. ಲಾಸ್ ವೇಗಾಸ್ ಭಾಗದಲ್ಲಿ ತಿಂಗಳಿಗೆ 12.75 ಡಾಲರ್ ಇದ್ದ ಶುಲ್ಕ ಕೊನೆಗೆ 38.51 ಡಾಲರ್ ಆಗಬೇಕಿತ್ತು. ಸೌರಫಲಕ ಇಲ್ಲದವರ ಮೇಲೆ ತಂತಿಯ ಖರ್ಚು ಬೀಳಬಾರದು ಎಂಬುದು ಆಯೋಗದ ಸಮರ್ಥನೆ. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಸಂಜೆ ಸೂರ್ಯ ಮುಳುಗಿದ ಮೇಲೆ ಸೌರ ಮನೆಗೂ ಅದೇ ತಂತಿ ಬೇಕಲ್ಲವೇ?

ಆದರೆ ಹೊಸ ನಿಯಮ ಹಳಬರಿಗೂ ಅನ್ವಯವಾಯಿತು. ಹಿಂದಿನ ನಿಯಮ ನಂಬಿ ಸಾಲ ಮಾಡಿ ಫಲಕ ಹಾಕಿಸಿದವರ ಲೆಕ್ಕವೆಲ್ಲ ತಲೆಕೆಳಗಾಯಿತು. ಜನ ಬೀದಿಗಿಳಿದರು. ಸೋಲಾರ್‌ಸಿಟಿ ಕಂಪನಿ ಅಲ್ಲಿ 550ಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆಯಿತು. ಕೊನೆಗೆ 2016ರ ಸೆಪ್ಟೆಂಬರಿನಲ್ಲಿ ಹಳಬರಿಗೆ 20 ವರ್ಷ ಹಳೆಯ ನಿಯಮವೇ ಇರಲಿ ಎಂದು ತೀರ್ಮಾನವಾಯಿತು. 2017ರ ಜೂನಿನಲ್ಲಿ ಹೊಸಬರಿಗೂ ಬೇರೆ ಕಾನೂನು ಬಂತು: ಆರಂಭದಲ್ಲಿ ಚಿಲ್ಲರೆ ದರದ ಶೇ. 95, ಸೌರ ಮನೆಗಳು ಹೆಚ್ಚಿದಂತೆ ಅದು ಹಂತಹಂತವಾಗಿ ಶೇ. 75ಕ್ಕೆ ಇಳಿಯಬೇಕು. ಈ ಇಳಿಕೆ ಜನರಿಗೆ ಮೊದಲೇ ಗೊತ್ತಿತ್ತು ಎಂಬುದೇ ಇದರ ವಿಶೇಷ.

ತಂತಿಯ ಖರ್ಚನ್ನು ಯಾರಾದರೂ ಕೊಡಲೇಬೇಕು. ಎಷ್ಟು ಎಂಬುದನ್ನು ಫಲಕ ಹಾಕಿಸುವ ಮೊದಲೇ ಹೇಳಬೇಕು. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಿಂದ ಭಾರತದ ತಾರಸಿಗಳ ಮೇಲೂ ಫಲಕಗಳು ಏರುತ್ತಿವೆ. ಮಕ್ಕಳೇ, ಇಂದು ನಿಮ್ಮ ಮನೆಯ ಕರೆಂಟು ಬಿಲ್ಲನ್ನು ತೆಗೆದು ನೋಡಿ. ಯೂನಿಟ್ಟಿನ ದರ ಒಂದು ಸಾಲಿನಲ್ಲಿ, ನಿಗದಿತ ಶುಲ್ಕ ಇನ್ನೊಂದು ಸಾಲಿನಲ್ಲಿ ಇರುತ್ತದೆ. ನೆವಾಡಾದ ಜಗಳವೆಲ್ಲ ಆ ಎರಡು ಸಾಲುಗಳದ್ದೇ.