ಕಲ್ಕತ್ತಾ ನಗರದ ವಿಜ್ಞಾನೋಪನ್ಯಾಸಗಳು

ಭರತಖಂಡದಲ್ಲಿ ನವೀನ ವಿಜ್ಞಾನವು ಬೇರೂರಿದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಪ್ರಯೋಗಶಾಲೆಗಳನ್ನೂ ಅಲ್ಲಿ ಕಂಡುಹಿಡಿಯಲ್ಪಟ್ಟ ತತ್ತ್ವಗಳನ್ನೂ ಗಣನೆಗೆ ತೆಗೆದುಕೊಳ್ಳುವರೇ ಹೊರತು, ಸಭಾಮಂದಿರಗಳಲ್ಲಿ ಸಂಜೆಯ ಹೊತ್ತು ನಡೆದುಹೋದ ಉಪನ್ಯಾಸಗಳನ್ನು ಅಷ್ಟಾಗಿ ಲಕ್ಷಿಸುವುದಿಲ್ಲ. ಉಪನ್ಯಾಸವು ಆಡಿದೊಡನೆಯೇ ಗಾಳಿಯಲ್ಲಿ ಕರಗಿಹೋಗುವ ಮಾತು. ಸಂಶೋಧನೆಯಾದರೋ ಗ್ರಂಥಸ್ಥವಾಗಿ ನಿಲ್ಲತಕ್ಕದ್ದು ಎಂಬ ಭಾವನೆಯೇ ಇದಕ್ಕೆ ಕಾರಣವಾಗಿರಬೇಕು. ಕಲ್ಕತ್ತಾ ನಗರದ, ಎಂದರೆ ಈಗಿನ ಕೋಲ್ಕತಾದ, ವಿಜ್ಞಾನಸಭೆಯ ವೃತ್ತಾಂತವನ್ನು ಪರಿಶೀಲಿಸಿದರೆ ಈ ಭಾವನೆಯು ಪೂರ್ತಿಯಾಗಿ ಸರಿಯಲ್ಲವೆಂದು ತೋರುತ್ತದೆ. ಅಲ್ಲಿ ಪ್ರಯೋಗಶಾಲೆಯು ಉಪನ್ಯಾಸಮಂದಿರದ ಮಗುವೆಂದು ಹೇಳಲು ಸಾಕಾದಷ್ಟು ಆಧಾರಗಳಿವೆ.

ಈ ಸಭೆಯ ಸ್ಥಾಪಕರು ಡಾಕ್ಟರ್ ಮಹೇಂದ್ರಲಾಲ ಸರ್ಕಾರರು. ಇವರು ಹುಟ್ಟಿದುದು ೧೮೩೩ರಲ್ಲಿ. ಕಲ್ಕತ್ತಾ ವೈದ್ಯಕಾಲೇಜಿನಲ್ಲಿ ವ್ಯಾಸಂಗ ಮಾಡಿ ೧೮೬೩ರಲ್ಲಿ ಎಂ.ಡಿ. ಪದವಿಯನ್ನು ಪಡೆದರು. ಮೊದಲು ಇವರು ಹೋಮಿಯೋಪತಿಯನ್ನು ಕಟುವಾಗಿ ಖಂಡಿಸುತ್ತಿದ್ದವರು. ಆ ಪದ್ಧತಿಯ ಗ್ರಂಥವೊಂದನ್ನು ವಿಮರ್ಶಿಸಬೇಕಾಗಿ ಬಂದಾಗ, ಪರೀಕ್ಷಿಸದೆ ಖಂಡಿಸುವುದು ನ್ಯಾಯವಲ್ಲವೆಂದು ತಾವೇ ರೋಗಿಗಳ ಬಳಿಗೆ ಹೋಗಿ ನೋಡಿ, ಕೊನೆಗೆ ಅಭಿಪ್ರಾಯವನ್ನು ಬದಲಾಯಿಸಿಕೊಂಡು, ೧೮೬೭ರಲ್ಲಿ ವೈದ್ಯರ ಸಭೆಯಲ್ಲಿಯೇ ಅದನ್ನು ಬಹಿರಂಗವಾಗಿ ಸಾರಿದರು. ಸಹೋದ್ಯೋಗಿಗಳು ಅವರನ್ನು ದೂರವಿಟ್ಟರು. ಅವರು ಕೈಕೊಂಡ ಆ ಚಿಕಿತ್ಸಾಪದ್ಧತಿಯನ್ನು ಈಗಿನ ವಿಜ್ಞಾನವು ಒಪ್ಪುವುದಿಲ್ಲ. ಆದರೂ, ಕಣ್ಣಾರೆ ಕಾಣದೆ ಯಾವುದನ್ನೂ ಒಪ್ಪಬಾರದು, ಕಂಡಮೇಲೆ ಯಾರಿಗೂ ಅಂಜಬಾರದು ಎಂಬ ಅವರ ಸ್ವಭಾವವು ಈ ಸಂಗತಿಯಿಂದ ವಿದಿತವಾಗುತ್ತದೆ. ವಿಜ್ಞಾನಸಭೆಯ ಬೀಜವೂ ಈ ಸ್ವಭಾವದಲ್ಲಿಯೇ ಇದ್ದಿತು.

೧೮೬೯ರಲ್ಲಿ ಅವರು ತಮ್ಮ ವೈದ್ಯಪತ್ರಿಕೆಯಲ್ಲಿ, ದೇಶೀಯರು ವಿಜ್ಞಾನವನ್ನು ಕೃಷಿಮಾಡುವುದಕ್ಕಾಗಿ ರಾಷ್ಟ್ರೀಯ ಸಂಸ್ಥೆಯೊಂದು ಅವಶ್ಯಕವೆಂದು ಪ್ರತಿಪಾದಿಸಿದರು. ಲಂಡನ್ ನಗರದಲ್ಲಿ ೧೭೯೯ರಲ್ಲಿ ಸ್ಥಾಪಿತವಾಗಿದ್ದ ರಾಯಲ್ ಇನ್‌ಸ್ಟಿಟ್ಯೂಷನ್ ಅವರ ಮನಸ್ಸಿನಲ್ಲಿದ್ದ ಮಾದರಿಗಳಲ್ಲೊಂದು. ಅಲ್ಲಿ ಡೇವಿ, ಫ್ಯಾರಡೇ ಮಹಾಶಯರು ಮೇಲಿನ ಮಂದಿರದಲ್ಲಿ ಜನರಿಗೆ ಉಪನ್ಯಾಸವನ್ನೂ ಕೆಳಗಿನ ಶಾಲೆಯಲ್ಲಿ ಸ್ವತಂತ್ರ ಸಂಶೋಧನೆಯನ್ನೂ ನಡೆಸಿದ್ದರು. ಅಂಥದೇ ಸಂಸ್ಥೆಯು ಕಲ್ಕತ್ತೆಯಲ್ಲಿಯೂ ಆಗಬೇಕು, ಅದರ ಆಡಳಿತವು ಸಂಪೂರ್ಣವಾಗಿ ದೇಶೀಯರ ಕೈಯಲ್ಲಿಯೇ ಇರಬೇಕು ಎಂಬುದು ಮಹೇಂದ್ರಲಾಲರ ಸಂಕಲ್ಪ. ಈ ಯತ್ನಕ್ಕೆ ಸಾಹಿತಿಗಳ ಬೆಂಬಲವೂ ದೊರೆಯಿತು. ೧೮೭೨ರಲ್ಲಿ ಬಂಕಿಮಚಂದ್ರರು ತಮ್ಮ 'ವಂಗದರ್ಶನ' ಪತ್ರಿಕೆಯನ್ನು ಹೊರಡಿಸಿದಾಗ, ಮೊದಲನೆಯ ವರ್ಷದಲ್ಲಿಯೇ ಈ ಸಭೆಯ ಪರವಾಗಿ ಲೇಖನವು ಪ್ರಕಟವಾಯಿತು. ಸಾಹಿತ್ಯಕ್ಕೂ ವಿಜ್ಞಾನಕ್ಕೂ ನಡುವೆ ಗೋಡೆಯಿಲ್ಲವೆಂಬುದನ್ನು ಆ ಕಾಲದ ವಂಗೀಯರು ಚೆನ್ನಾಗಿ ಅರಿತಿದ್ದರು.

ಹಣವು ಸಂಗ್ರಹವಾಗುವ ಹೊತ್ತಿಗೆ ಒಂದು ವಿವಾದವು ತಲೆದೋರಿತು. ಇಂಡಿಯನ್ ಲೀಗ್ ಎಂಬ ಸಂಘದವರು, ದೇಶಕ್ಕೆ ಬೇಕಾದುದು ಕೈಗಾರಿಕಾ ಶಿಕ್ಷಣವೇ ಹೊರತು ಶುದ್ಧ ವಿಜ್ಞಾನವಲ್ಲವೆಂದು ವಾದಿಸಿದರು. ಬಡತನದಿಂದ ಬಳಲುತ್ತಿದ್ದ ದೇಶದಲ್ಲಿ ಈ ವಾದಕ್ಕೆ ಬಲವಿಲ್ಲವೆಂದು ಹೇಳಲಾಗದು. ಮಹೇಂದ್ರಲಾಲರಾದರೋ, ಮೂಲತತ್ತ್ವವನ್ನರಿಯದೆ ಕಲಿತ ಕಸಬು ಪರರ ಅನುಕರಣವಾಗಿಯೇ ಉಳಿಯುವುದೆಂದು ತಮ್ಮ ಪಟ್ಟನ್ನು ಬಿಡಲಿಲ್ಲ. ಕಡೆಗೆ ಲೆಫ್ಟೆನೆಂಟ್ ಗವರ್ನರಾಗಿದ್ದ ಸರ್ ರಿಚರ್ಡ್ ಟೆಂಪಲ್ ಅವರ ಸಹಾಯದಿಂದ, ೧೮೭೬ನೆಯ ಇಸವಿ ಜುಲೈ ೨೯ರಂದು ಭಾರತವರ್ಷೀಯ ವಿಜ್ಞಾನಸಭೆಯು ಸ್ಥಾಪಿತವಾಗಿ, ಬೌಬಜಾರ್ ಬೀದಿಯ ೨೧೦ನೆಯ ನಂಬರಿನ ಮನೆಯಲ್ಲಿ ಕಾರ್ಯಾರಂಭ ಮಾಡಿತು.

ಮೊದಲಿನಿಂದಲೂ ಸಭೆಯ ಮುಖ್ಯಕಾರ್ಯವು ಉಪನ್ಯಾಸವೇ ಆಗಿದ್ದಿತು. ಅದಕ್ಕೆ ಜೀವವನ್ನು ತುಂಬಿದವರಲ್ಲಿ ಅಗ್ರಗಣ್ಯರು ಬೆಲ್ಜಿಯಂ ದೇಶದ ಪಾದ್ರಿ ಲಾಫೋಂ ಅವರು. ೧೮೬೫ರಲ್ಲಿ ಕಲ್ಕತ್ತೆಗೆ ಬಂದು ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಪದಾರ್ಥವಿಜ್ಞಾನವನ್ನು ಬೋಧಿಸುತ್ತಿದ್ದ ಇವರು, ೧೮೬೭ರಲ್ಲಿ ವಾಯುಭಾರಮಾಪಕದ ಇಳಿತದಿಂದ ಚಂಡಮಾರುತವೊಂದನ್ನು ಮುಂದಾಗಿ ತಿಳಿಸಿ ನಗರದಲ್ಲಿ ಪ್ರಸಿದ್ಧರಾಗಿದ್ದರು. ಯೂರೋಪಿನಿಂದ ಹೊಸ ಯಂತ್ರಗಳನ್ನು ತರಿಸಿ ಜನರೆದುರಿನಲ್ಲಿ ಪ್ರಯೋಗ ಮಾಡಿ ತೋರಿಸುವುದು ಇವರ ಪದ್ಧತಿ. ಇವರು ಬಹುಕಾಲ ವಿಜ್ಞಾನಸಭೆಯಲ್ಲಿ ವೇತನವನ್ನಪೇಕ್ಷಿಸದೆ ಉಪನ್ಯಾಸ ಮಾಡಿದರು. ಜಗದೀಶಚಂದ್ರ ಬೋಸರು ಕಾಲೇಜಿನಲ್ಲಿ ಇವರ ಶಿಷ್ಯರು. ಇವರಲ್ಲದೆ ಸ್ವತಃ ಮಹೇಂದ್ರಲಾಲರು, ಭೂಗರ್ಭಶಾಸ್ತ್ರಜ್ಞ ಪ್ರಮಥನಾಥ ಬೋಸರು, ರಸಾಯನಶಾಸ್ತ್ರದಲ್ಲಿ ಚುನೀಲಾಲ ಬೋಸರು, ಗಣಿತದಲ್ಲಿ ಆಶುತೋಷ ಮುಖರ್ಜಿಯವರು ಮೊದಲಾದವರು ಅಲ್ಲಿ ಉಪನ್ಯಾಸಕರಾಗಿದ್ದರು. ಕಾಲೇಜುಗಳಲ್ಲಿ ಪ್ರಯೋಗಸಾಮಗ್ರಿಯು ಅತಿ ವಿರಳವಾಗಿದ್ದ ಆ ಕಾಲದಲ್ಲಿ ವಿದ್ಯಾರ್ಥಿಗಳಿಗೆ ಈ ಮಂದಿರವೇ ಆಶ್ರಯ. ಠಾಕೂರ್ ಮನೆತನದ ದೌಹಿತ್ರಿ ಸರಳಾದೇವಿಯವರು ಸಹೋದರರ ಬೆಂಗಾವಲಿನಲ್ಲಿ ಅಲ್ಲಿಗೆ ಬಂದು ಪದಾರ್ಥವಿಜ್ಞಾನದ ಪಾಠವನ್ನು ಕೇಳುತ್ತಿದ್ದರು. ಹೆಣ್ಣುಮಕ್ಕಳು ಗಂಡಸರ ತರಗತಿಯಲ್ಲಿ ಕುಳಿತುಕೊಳ್ಳುವುದೇ ಅಪೂರ್ವವಾಗಿದ್ದ ದಿನಗಳಲ್ಲಿ ಇದು ಅಲ್ಪಸಂಗತಿಯಲ್ಲ.

ಉಪನ್ಯಾಸಕ್ಕೆ ಯಂತ್ರಗಳು ಬೇಕು, ಯಂತ್ರಗಳಿಗೆ ಕಟ್ಟಡವು ಬೇಕು. ೧೮೮೪ರ ಹೊತ್ತಿಗೆ ಉಪನ್ಯಾಸಮಂದಿರವೂ, ವಿಜಯನಗರಂ ಮಹಾರಾಜರ ಔದಾರ್ಯದಿಂದ ೧೮೯೧ರ ಸುಮಾರಿನಲ್ಲಿ ಪ್ರಯೋಗಶಾಲೆಯೂ ಸಿದ್ಧವಾದುವು. ಆದರೆ ಸ್ಥಾಪಕರಿಗೆ ತೃಪ್ತಿಯಿರಲಿಲ್ಲ. ಜೀವನೋಪಾಯದ ಚಿಂತೆಯಿಲ್ಲದೆ ಸಂಶೋಧನೆಗಾಗಿಯೇ ಬಾಳನ್ನು ಮುಡಿಪಿಡುವ ಪ್ರಾಧ್ಯಾಪಕರು ಬೇಕು, ಅದಕ್ಕೆ ಶಾಶ್ವತವಾದ ನಿಧಿಯು ಬೇಕು ಎಂದು ಅವರು ವರ್ಷವರ್ಷವೂ ಬೇಡಿದರು, ನಿಧಿಯು ಕೂಡಲಿಲ್ಲ. ಅಂತ್ಯಕಾಲದಲ್ಲಿ ಅವರು ತಮ್ಮ ಯತ್ನವು ನಿಷ್ಫಲವಾಯಿತೆಂದೇ ಎಣಿಸಿ, ೧೯೦೪ರಲ್ಲಿ ತೀರಿಕೊಂಡರು.

ಈ ನಿರಾಶೆಯನ್ನೇ ಪ್ರಮಾಣವಾಗಿಟ್ಟುಕೊಂಡು, ಸಭೆಯ ಮೊದಲ ಮೂವತ್ತು ವರ್ಷಗಳು ಬರಿಯ ಮಾತಿನಲ್ಲಿ ಕಳೆದುವೆಂದು ಹೇಳುವವರುಂಟು. ಆ ಮಂದಿರದಿಂದ ಆಗ ಸಂಶೋಧನೆಯು ಹೆಚ್ಚಾಗಿ ಹೊರಬೀಳಲಿಲ್ಲವೆಂಬುದು ನಿಜವೇ. ಆದರೆ ಮುಂದೆ ನಡೆದುದನ್ನು ನೋಡೋಣ. ೧೯೦೭ರಲ್ಲಿ ಹಣಕಾಸಿನ ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಬಂದ ಹದಿನೆಂಟು ವರ್ಷದ ಚಂದ್ರಶೇಖರ ವೆಂಕಟರಾಮನ್ ಅವರಿಗೆ, ಕಛೇರಿಯ ಕೆಲಸಕ್ಕೆ ಮುಂಚೆಯೂ ಅನಂತರವೂ ಪ್ರಯೋಗ ನಡೆಸಲು ಬಾಗಿಲು ತೆರೆದುದು ಈ ಸಭೆಯೇ. ಅಲ್ಲಿದ್ದ ಯಂತ್ರಗಳು ಉಪನ್ಯಾಸದ ಪರಂಪರೆಯು ಬಿಟ್ಟುಹೋದ ಆಸ್ತಿ. ಸಭೆಯಲ್ಲಿ ಗಣಿತವನ್ನು ಬೋಧಿಸಿದ್ದ ಆಶುತೋಷ ಮುಖರ್ಜಿಯವರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ, ತಾರಕನಾಥ ಪಾಲಿತ್ ಮತ್ತು ರಾಸಬಿಹಾರಿ ಘೋಷ್ ಅವರ ದಾನಗಳಿಂದ ವಿಜ್ಞಾನದ ಕಾಲೇಜನ್ನು ಸ್ಥಾಪಿಸಿದರು. ೧೯೧೭ರಲ್ಲಿ ರಾಮನ್ನರು ಅಲ್ಲಿಯ ಪಾಲಿತ್ ಪ್ರಾಧ್ಯಾಪಕರಾದರು. ಮಹೇಂದ್ರಲಾಲರು ಬೇಡಿ ಪಡೆಯಲಾಗದಿದ್ದ ಪೀಠವನ್ನು ಅವರ ಮಂದಿರದ ಉಪನ್ಯಾಸಕರೊಬ್ಬರೇ ಕಟ್ಟಿಕೊಟ್ಟರೆಂದು ಹೇಳಿದರೆ ಅತಿಶಯೋಕ್ತಿಯಾಗದು. ಅದೇ ವರ್ಷ ನವೆಂಬರ್ ೩೦ರಂದು ಜಗದೀಶಚಂದ್ರರು ತಮ್ಮ ಸಂಶೋಧನಮಂದಿರವನ್ನು ತೆರೆದಾಗ, ಅಲ್ಲಿಯ ಉಪನ್ಯಾಸಗಳು ಪರರಿಂದ ಕಲಿತುದರ ಪುನರುಕ್ತಿಯಾಗಿರದೆ, ಅಲ್ಲಿಯೇ ಕಂಡುಹಿಡಿದ ಹೊಸ ವಿಷಯಗಳನ್ನು ಲೋಕಕ್ಕೆ ಸಾರುವಂಥವಾಗಬೇಕೆಂದು ವಿಧಿಸಿದರು. ಉಪನ್ಯಾಸಕ್ಕೂ ಸಂಶೋಧನೆಗೂ ಇದ್ದ ಅಂತರವು ಅಲ್ಲಿಗೆ ಅಳಿಯಿತು.

ಇದಕ್ಕೆ ಅತ್ಯುತ್ತಮ ನಿದರ್ಶನವು ನಮ್ಮ ಬೆಂಗಳೂರಿನಲ್ಲಿಯೇ ದೊರೆಯುತ್ತದೆ. ೧೯೨೮ನೆಯ ಫೆಬ್ರವರಿ ೨೮ರಂದು ಬೌಬಜಾರಿನ ಮಂದಿರದಲ್ಲಿ ಕಂಡ ಹೊಸ ಬೆಳಕಿನ ವಿಷಯವನ್ನು ರಾಮನ್ನರು ವಿಸ್ತಾರವಾಗಿ ವಿವರಿಸಿದುದು ಅದೇ ಮಾರ್ಚ್ ೧೬ರಂದು, ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನಸಂಘದ ಆಶ್ರಯದಲ್ಲಿ ಮಾಡಿದ ಉಪನ್ಯಾಸದಲ್ಲಿ. ಆ ಉಪನ್ಯಾಸವೇ ಅಚ್ಚಾಗಿ ಪ್ರಬಂಧರೂಪದಿಂದ ದೇಶಾಂತರಗಳನ್ನು ಸೇರಿತು. ೧೯೩೦ರಲ್ಲಿ ನೊಬೆಲ್ ಬಹುಮಾನವು ಬಂದಿತು. ೧೯೩೩ರಲ್ಲಿ ಬೆಂಗಳೂರಿಗೇ ಬಂದು ನೆಲಸಿದ ರಾಮನ್ನರು, ೧೯೪೮ರಲ್ಲಿ ತಮ್ಮ ಸ್ವಂತ ಸಂಶೋಧನಾಲಯವನ್ನು ಸ್ಥಾಪಿಸಿದರು. ಮುಂದೆ ಅಲ್ಲಿ ಗಾಂಧೀಜಯಂತಿಯ ದಿನದಂದು ಸಾರ್ವಜನಿಕ ಉಪನ್ಯಾಸ ಮಾಡುವುದನ್ನು ವ್ರತವಾಗಿ ನಡೆಸಿ, ೧೯೭೦ರ ಅಕ್ಟೋಬರಿನಲ್ಲಿ, ಮರಣಕ್ಕೆ ಏಳು ವಾರಗಳ ಮುಂಚೆಯೂ, ಅದನ್ನು ತಪ್ಪಿಸಲಿಲ್ಲ.

ಇಷ್ಟಾದರೂ ಕಲ್ಕತ್ತೆಯ ಪ್ರಯತ್ನದಲ್ಲಿ ಒಂದು ನ್ಯೂನತೆಯಿದ್ದಿತು. ಉಪನ್ಯಾಸಗಳ ಭಾಷೆಯು ಇಂಗ್ಲಿಷು. ನಗರದ ವಿದ್ಯಾವಂತರಿಗೆ ತೆರೆದ ಬಾಗಿಲು ಆ ಭಾಷೆಯನ್ನು ಅರಿಯದ ಬಹುಸಂಖ್ಯಾತರಿಗೆ ಮುಚ್ಚಿಯೇ ಇದ್ದಿತು. ಈ ಕೊರತೆಯನ್ನು ನೀಗಿಸಲೆಂದೇ ಸತ್ಯೇಂದ್ರನಾಥ ಬೋಸರು ೧೯೪೮ರಲ್ಲಿ ವಂಗೀಯ ವಿಜ್ಞಾನ ಪರಿಷತ್ತನ್ನು ಸ್ಥಾಪಿಸಿ, ಬಂಗಾಳಿಯಲ್ಲಿ ವಿಜ್ಞಾನವನ್ನು ಹೇಳಲಾಗದೆನ್ನುವವರ ಮಾತನ್ನು ಕಾರ್ಯದಿಂದ ಖಂಡಿಸಿದರು. ಕನ್ನಡನಾಡಿನಲ್ಲಿ ಈ ಅರಿವು ಇನ್ನೂ ಮೊದಲೇ ಮೂಡಿದ್ದಿತೆಂಬುದು ಸಂತೋಷದ ವಿಷಯ. ೧೯೧೮ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಕೂಡಿ 'ವಿಜ್ಞಾನ'ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದ್ದರು. ಅದು ಬಹುಕಾಲ ಬಾಳಲಿಲ್ಲ. ಆದರೆ ಮಹೇಂದ್ರಲಾಲರ ದೃಷ್ಟಾಂತವನ್ನು ನೆನೆದರೆ, ಬಾಳಿದ ಕಾಲದಿಂದಲೇ ಇಂಥ ಕಾರ್ಯಗಳನ್ನು ಅಳೆಯಬಾರದೆಂಬುದು ಸ್ಪಷ್ಟ.

ಭಾಷಾಪಂಡಿತರಿಗೆ ಈ ಚರಿತ್ರೆಯಿಂದ ವಿಶೇಷವಾಗಿ ಗ್ರಹಿಸಬೇಕಾದುದು ಒಂದಿದೆ. ಪಾರಿಭಾಷಿಕ ಶಬ್ದಗಳನ್ನು ಕೋಶದಲ್ಲಿ ಕುಳ್ಳಿರಿಸಿದ ಮಾತ್ರಕ್ಕೆ ಅವಕ್ಕೆ ಪ್ರಾಣ ಬರುವುದಿಲ್ಲ. ವಿಷಯವನ್ನು ಬಲ್ಲವನು ಅದನ್ನು ಬಲ್ಲದವರ ಮುಂದೆ ನಿಂತು, ಯಂತ್ರವನ್ನು ಕೈಯಲ್ಲಿ ಹಿಡಿದು ವಿವರಿಸುವಾಗ, ಯಾವ ಶಬ್ದವು ಬಾಳತಕ್ಕದ್ದು, ಯಾವುದು ಬೀಳತಕ್ಕದ್ದು ಎಂಬುದು ಕೇಳುವವರ ಮುಖದಲ್ಲಿಯೇ ನಿರ್ಣಯವಾಗುತ್ತದೆ. ಉಪನ್ಯಾಸವು ವಿಜ್ಞಾನಕ್ಕೆ ಪ್ರಚಾರದ ಸಾಧನವಾಗಿರುವಂತೆ ಭಾಷೆಗೆ ಒರೆಗಲ್ಲೂ ಆಗಿದೆ. ಬೌಬಜಾರಿನ ಆ ಮಂದಿರದಲ್ಲಿ ಈಗ ಸಭೆಯಿಲ್ಲ. ಅದು ಜಾದವಪುರಕ್ಕೆ ಹೋಗಿ ದೊಡ್ಡ ಸಂಶೋಧನಾಲಯವಾಗಿ ಬೆಳೆದಿದೆ. ನಿಷ್ಫಲವಾಯಿತೆಂದು ಸ್ಥಾಪಕರೇ ಕೊರಗಿದ ಕಾರ್ಯವು ಫಲವನ್ನು ಕೊಡಲು, ಅವರು ತೀರಿಕೊಂಡ ಮೇಲೆ ಕಾಲು ಶತಮಾನವು ಸಾಕಾಯಿತು.