ಕರುಳಿಗೂ ಒಂದು ನರಮಂಡಲ

ಬಾದಾಮಿಯಲ್ಲೋ ಹುನಗುಂದದಲ್ಲೋ ಊಟಕ್ಕೆ ಕುಳಿತು ಜೋಳದ ರೊಟ್ಟಿಯ ತುತ್ತು ನುಂಗುತ್ತೀರಿ. ನುಂಗುವವರೆಗೆ ಮಾತ್ರ ಅದು ನಿಮ್ಮ ಇಚ್ಛೆಗೆ ಒಳಪಟ್ಟದ್ದು. ಆಮೇಲೆ ಕರುಳಿನಲ್ಲಿ ಅದನ್ನು ಮುಂದೆ ತಳ್ಳುವವರು ಯಾರು? ಮಿದುಳು ಎಂದು ನಿಮ್ಮ ವಿದ್ಯಾರ್ಥಿಗಳು ಥಟ್ಟನೆ ಉತ್ತರಿಸಬಹುದು. ಉತ್ತರ ಅಷ್ಟು ಸರಳವಲ್ಲ.

ಇಳಕಲ್ಲಿನ ಮಗ್ಗದಲ್ಲಿ ಹಾಸು ಒಂದು ದಿಕ್ಕಿಗಿದ್ದರೆ ಹೊಕ್ಕು ಅದಕ್ಕೆ ಅಡ್ಡ. ಕರುಳಿನ ಗೋಡೆಯ ಎರಡು ಸ್ನಾಯುಪದರಗಳೂ ಹಾಗೆಯೇ: ಒಂದು ಉದ್ದಕ್ಕೆ, ಇನ್ನೊಂದು ಬಳೆಯಂತೆ ಸುತ್ತಲೂ. ಆದರೆ ಇವು ಹೆಣೆದುಕೊಂಡಿಲ್ಲ. ಇವೆರಡರ ನಡುವೆ ನರಕೋಶಗಳ ಜಾಲವೊಂದಿರುವುದನ್ನು ಬ್ರೆಸ್ಲಾವಿನ ಔವರ್‌ಬಾಖ್ 1862ರಲ್ಲಿ ವಿವರಿಸಿದ. ಒಳಪದರದ ಕೆಳಗಿನ ಇನ್ನೊಂದು ಜಾಲವನ್ನು ಜರ್ಮನಿಯ ಮೈಸ್ನರ್ 1857ರಲ್ಲೇ ಗುರುತಿಸಿದ್ದ. ಜಾಲವೇನೋ ಕಂಡಿತು, ಅದರ ಕೆಲಸ ತಿಳಿದಿರಲಿಲ್ಲ.

1899ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ (ಸ್ಟಾರ್ಲಿಂಗನ ಸೋದರಿಯನ್ನೇ ಬೇಲಿಸ್ ಮದುವೆಯಾಗಿದ್ದ) ಅರಿವಳಿಕೆ ಕೊಟ್ಟ ನಾಯಿಯ ಕರುಳಿಗೆ ಹೊರಗಿನಿಂದ ಬರುವ ನರಗಳನ್ನೆಲ್ಲ ಕತ್ತರಿಸಿದರು. ಆದರೂ ಕರುಳಿನೊಳಗೆ ಉಂಡೆಯೊಂದನ್ನಿಟ್ಟಾಗ ಅದರ ಹಿಂಭಾಗ ಸಂಕುಚಿಸಿತು, ಮುಂಭಾಗ ಸಡಿಲವಾಯಿತು. ಉಂಡೆ ಮುಂದೆ ಸರಿಯಿತು. ಇದನ್ನವರು 'ಕರುಳಿನ ನಿಯಮ' ಎಂದರು. 1917ರಲ್ಲಿ ಟ್ರೆಂಡೆಲೆನ್‌ಬರ್ಗ್ ಗಿನಿಯಿಲಿಯ ಕರುಳಿನ ತುಂಡನ್ನು ದೇಹದಿಂದಲೇ ಬೇರ್ಪಡಿಸಿ ದ್ರಾವಣದಲ್ಲಿಟ್ಟು, ಒಳಗೆ ಒತ್ತಡ ಹೆಚ್ಚಿಸಿದಾಗ ಅಲೆಗಳು ಏಳುವುದನ್ನು ತೋರಿಸಿದ. 1921ರಲ್ಲಿ ಕೇಂಬ್ರಿಜ್‌ನ ಲ್ಯಾಂಗ್ಲಿ ಸ್ವಾಯತ್ತ ನರಮಂಡಲವನ್ನು ಸಿಂಪಥೆಟಿಕ್, ಪ್ಯಾರಾಸಿಂಪಥೆಟಿಕ್, ಎಂಟೆರಿಕ್ ಎಂದು ಮೂರಾಗಿ ವಿಂಗಡಿಸಿದ. ಅನೇಕ ಪಠ್ಯಪುಸ್ತಕಗಳು ಮೊದಲ ಎರಡನ್ನು ಹೇಳಿ ಸುಮ್ಮನಾಗುವುದು ವಿಷಾದದ ಸಂಗತಿ.

ಈ ಜಾಲವಿಲ್ಲದಿದ್ದರೆ ಏನಾಗುತ್ತದೆ? ಕೋಪನ್‌ಹೇಗನ್ನಿನ ಮಕ್ಕಳ ವೈದ್ಯ ಹಿರ್ಷ್‌ಸ್ಪ್ರುಂಗ್ 1886ರಲ್ಲಿ ತೀವ್ರ ಮಲಬದ್ಧತೆಯಿಂದ ಸತ್ತ ಎರಡು ಶಿಶುಗಳ ಬಗ್ಗೆ ವರದಿ ಮಾಡಿದ. ಅವುಗಳ ದೊಡ್ಡ ಕರುಳು ವಿಪರೀತ ಹಿಗ್ಗಿತ್ತು. ಹಿಗ್ಗಿದ ಭಾಗವೇ ರೋಗಿಷ್ಟವೆಂದು ಎಲ್ಲರೂ ಭಾವಿಸಿದ್ದು ಸಹಜ. ಶಸ್ತ್ರವೈದ್ಯರು ಅದನ್ನೇ ಕತ್ತರಿಸಿದರು. ತೊಂದರೆ ಮತ್ತೆ ಮರಳಿತು. ತಪ್ಪಿದ್ದದ್ದು ಕೆಳಗಡೆ, ನೋಡಲು ಸಾಮಾನ್ಯವಾಗಿ ಕಾಣುವ ಕಿರಿದಾದ ಭಾಗದಲ್ಲಿ. ಅಲ್ಲಿ ನರಕೋಶಗಳೇ ಇರಲಿಲ್ಲ, ಅಲೆಯೂ ಏಳುತ್ತಿರಲಿಲ್ಲ. ಬೋಸ್ಟನ್ನಿನ ಸ್ವೆನ್ಸನ್ 1948ರಲ್ಲಿ ಆ ಭಾಗವನ್ನು ತೆಗೆದು, ಮೇಲಿನ ಕರುಳನ್ನು ಕೆಳಕ್ಕೆಳೆದು ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದ. ಮಕ್ಕಳು ಬದುಕತೊಡಗಿದರು.

ನರಕೋಶಗಳ ಕೊರತೆ ಕೊನೆಯ ತುದಿಯಲ್ಲೇ ಏಕೆ? ಭ್ರೂಣದಲ್ಲಿ ಈ ಕೋಶಗಳು ಬಹುಪಾಲು ಕುತ್ತಿಗೆಯ ಬಳಿ ಹುಟ್ಟಿ, ಬಾಯಿಯ ಕಡೆಯಿಂದ ಗುದದ ಕಡೆಗೆ ವಲಸೆ ಹೋಗುತ್ತವೆ. ದಾರಿಯಲ್ಲೇ ನಿಂತರೆ ತುದಿ ಖಾಲಿ.

ಸುಮಾರು 5000 ಶಿಶುಗಳಲ್ಲಿ ಒಂದಕ್ಕೆ ಈ ದೋಷವಿರುತ್ತದೆ. ಆರೋಗ್ಯವಂತ, ದಿನ ತುಂಬಿದ ಶಿಶು ಬಹುತೇಕ 48 ಗಂಟೆಗಳೊಳಗೆ ಮೊದಲ ಕಪ್ಪು ಮಲ ವಿಸರ್ಜಿಸುತ್ತದೆ. ಅದಾಗದೆ ಹೊಟ್ಟೆ ಉಬ್ಬಿ ಹಸಿರು ವಾಂತಿಯಾದರೆ ಊರಲ್ಲಿ ಕಾಯದೆ ಬಾಗಲಕೋಟೆಯಂಥ ದೊಡ್ಡ ಆಸ್ಪತ್ರೆಯಿರುವ ಕಡೆಗೆ ತಕ್ಷಣ ಒಯ್ಯಬೇಕು. ಅಂಥ ಶಿಶುವಿನ ಗುದನಾಳದ ಒಳಪದರದಿಂದ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಅಲ್ಲಿ ಹುಡುಕುವುದು ಮೈಸ್ನರನ ಜಾಲದ ಕೋಶಗಳನ್ನು.