ದೀಪವೂ ಚಿತ್ರವೂ: ಚಿಕ್ಕಬಳ್ಳಾಪುರ ಸೀಮೆಯ ರಂಗಬೆಳಕನ್ನು ಕುರಿತು ಒಂದು ವಿಚಾರ

ಚಿಕ್ಕಬಳ್ಳಾಪುರ ತಾಲ್ಲೂಕಿನ ಆವಲಗುರ್ಕಿಯಲ್ಲಿ ಈಶ ಫೌಂಡೇಷನ್ನಿನವರು ನಿಲ್ಲಿಸಿದ 112 ಅಡಿ ಎತ್ತರದ ಆದಿಯೋಗಿ ಮೂರ್ತಿಯು 2023ರ ಜನವರಿ 15ರಂದು ಅನಾವರಣಗೊಂಡಿತು. ಕತ್ತಲಾದ ಮೇಲೆ ಆ ಮೂರ್ತಿಯನ್ನೇ ಪರದೆಯನ್ನಾಗಿ ಮಾಡಿಕೊಂಡು ಅದರ ಮೇಲೆ ಬೆಳಕಿನಿಂದ ಚಲಿಸುವ ಚಿತ್ರಗಳನ್ನು ಮೂಡಿಸುವ ಪ್ರದರ್ಶನವು ಅಲ್ಲಿ ನಡೆಯುತ್ತದೆ. ಕಲ್ಲು ಲೋಹಗಳಂಥ ಜಡವಸ್ತುವಿನ ಮೇಲೆ ರೂಪಗಳು ಹರಿದಾಡುವುದನ್ನು ಕಂಡವರು, ಇದು ನಮ್ಮ ತೊಗಲುಗೊಂಬೆಯಾಟದ ಹೊಸ ಅವತಾರವೆಂದೂ, ತೊಗಲುಗೊಂಬೆಯೇ ಚಲನಚಿತ್ರಕ್ಕೂ ಇಂದಿನ ವಿದ್ಯುದ್ದೀಪ ವೈಭವಕ್ಕೂ ಮೂಲಪುರುಷನೆಂದೂ ಹೇಳುವುದುಂಟು. ಅಭಿಮಾನದ ಮಾತೆಂಬ ದೃಷ್ಟಿಯಿಂದ ಇದು ಸ್ವಾಗತಾರ್ಹವೇ. ಆದರೆ ಚರಿತ್ರೆಯ ಮಾತೆಂದು ಒಪ್ಪುವ ಮೊದಲು ಇದನ್ನು ತುಸು ಪರಿಶೀಲಿಸಬೇಕಾಗುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳ ಸೀಮೆಯನ್ನು ಎದುರಿಗಿಟ್ಟುಕೊಂಡು, ರಂಗದ ಮೇಲೆ ದೀಪಕ್ಕೂ ಚಿತ್ರಕ್ಕೂ ಇದ್ದ ಸಂಬಂಧವು ಹೇಗೆ ಬದಲಾಗುತ್ತ ಬಂದಿತೆಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಗೊಂಬೆಯಾಟವನ್ನೇ ತೆಗೆದುಕೊಳ್ಳೋಣ. ಗೌರಿಬಿದನೂರಿನ ಉತ್ತರಕ್ಕೆ ಹಿಂದೂಪುರ. ಅದರಾಚೆ ಧರ್ಮವರಂ ಕಡೆಯ ನಿಮ್ಮಲಕುಂಟವು ತೊಗಲುಗೊಂಬೆಯವರ ಊರೆಂದು ಇಂದಿಗೂ ಹೆಸರಾಗಿದೆ. ಆ ಊರಿನ ದಳವಾಯಿ ಚಲಪತಿರಾಯರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಕನ್ನಡ ನಾಡಿನಲ್ಲಿ ಈ ಕಲೆಯನ್ನು ವಂಶಪಾರಂಪರ್ಯವಾಗಿ ನಡೆಸಿಕೊಂಡು ಬಂದವರು ಕಿಳ್ಳೇಕ್ಯಾತರು. ಮನೆಯಲ್ಲಿ ಮರಾಠಿಯ ಒಂದು ಪ್ರಭೇದವನ್ನು ಆಡುವ ಇವರು, ಆಟಕ್ಕೆ ನಿಂತಾಗ ಊರಿನ ಭಾಷೆಯಲ್ಲಿ ರಾಮಾಯಣ ಮಹಾಭಾರತಗಳನ್ನು ನುಡಿಸುವರು. ಗಡಿಯ ಈಚೆಗೆ ಕಿಳ್ಳೇಕ್ಯಾತನ ಜೊತೆಯಲ್ಲಿ ಬಂದು ಜನರನ್ನು ನಗಿಸುವ ಬಂಗಾರಕ್ಕನು ಗಡಿಯ ಆಚೆಗೆ ತೆಲುಗು ಆಟದಲ್ಲಿಯೂ ಬಂಗಾರಕ್ಕಳಾಗಿಯೇ ಕಾಣಿಸಿಕೊಳ್ಳುವಳು. ರಾಜ್ಯಗಳ ಎಲ್ಲೆಗಳು ಬದಲಾದರೂ ಹಾಸ್ಯಪಾತ್ರದ ಹೆಸರು ಬದಲಾಗಿಲ್ಲ. ಕನ್ನಡ ತೆಲುಗುಗಳೆರಡೂ ಬಾಯಲ್ಲಿ ಬೆರೆತಿರುವ ಈ ಸೀಮೆಯಲ್ಲಿ ಅದೇನೂ ಆಶ್ಚರ್ಯವಲ್ಲ.

ಗೊಂಬೆಯನ್ನು ಹದಮಾಡಿದ ತೊಗಲಿನಿಂದ ಮಾಡುವರು. ಬೆಳಕು ಹಾಯುವಷ್ಟು ತೆಳುವಾಗಿ ತೊಗಲನ್ನು ಹೆರೆದು, ಅದರ ಮೇಲೆ ಆಕೃತಿಯನ್ನು ಬರೆದು, ಉಳಿಯಿಂದ ಸಣ್ಣ ಸಣ್ಣ ರಂಧ್ರಗಳನ್ನು ಕೊರೆದು, ಎರಡು ಮೈಗೂ ಬಣ್ಣ ಕೊಡುವರು. ಕಿರೀಟದ ಮುತ್ತುಗಳೂ ಸೀರೆಯ ಅಂಚಿನ ಹೂವುಗಳೂ ವಾಸ್ತವವಾಗಿ ಬಣ್ಣವಲ್ಲ, ತೂತುಗಳು. ಅಲ್ಲಿ ಹೊಳೆಯುವುದು ದೀಪವೇ. ಪರದೆಗೆ ಬಿಳಿಯ ಹತ್ತಿಬಟ್ಟೆ. (ರೇಷ್ಮೆಗೂಡಿನ ಮಾರುಕಟ್ಟೆಯಿಂದ ಖ್ಯಾತವಾದ ಶಿಡ್ಲಘಟ್ಟದ ಸೀಮೆಯಲ್ಲಿಯೂ ಗೊಂಬೆಯ ಪರದೆಗೆ ಹತ್ತಿಯೇ ಸರಿ, ರೇಷ್ಮೆಯನ್ನು ತೆಗೆಯುವವರು ಅದನ್ನು ಉಡುವುದೇ ಅಪರೂಪ, ಇನ್ನು ಪರದೆಯ ಮಾತೆಲ್ಲಿಯದು!) ಪರದೆಯ ಹಿಂದೆ ತೂಗುಹಾಕಿದ ಎಣ್ಣೆಯ ದೀಪ. ಆಡಿಸುವವನು ದೀಪಕ್ಕೂ ಪರದೆಗೂ ನಡುವೆ ಗೊಂಬೆಯನ್ನು ಹಿಡಿಯುವನು.

ಇಲ್ಲಿ ನಾವು ಗಮನಿಸತಕ್ಕ ಅಂಶವೊಂದುಂಟು. ಗೊಂಬೆಯು ಪರದೆಗೆ ಒತ್ತಿಕೊಂಡಿರುವಾಗ ಅದರ ಗೆರೆಗಳೆಲ್ಲವೂ ಸ್ಫುಟವಾಗಿ ಕಾಣುವುವು. ಅದನ್ನು ದೀಪದ ಕಡೆಗೆ ಸರಿಸಿದಂತೆಲ್ಲ ಬಿಂಬವು ದೊಡ್ಡದಾಗಿ, ಅಂಚುಗಳು ಮಸಕಾಗುವುವು. ಹನುಮಂತನು ಬೆಳೆಯುವುದೂ ರಾಕ್ಷಸನು ಮಾಯವಾಗುವುದೂ ಹೀಗೆಯೇ. ಇದಲ್ಲದೆ ದೀಪದ ಕುಡಿಯು ಗಾಳಿಗೆ ಅಲುಗಿದಾಗ, ಕೈ ಅಲುಗದಿದ್ದರೂ ಗೊಂಬೆಯು ಉಸಿರಾಡಿದಂತೆ ತೋರುವುದು. ಎಂದರೆ, ರೂಪವನ್ನು ಕೊಡುವುದು ತೊಗಲು, ಆ ರೂಪಕ್ಕೆ ಪ್ರಾಣವನ್ನು ಕೊಡುವುದರಲ್ಲಿ ಕೈಯಷ್ಟೇ ಪಾಲು ದೀಪಕ್ಕೂ ಇದೆ. ಎಣ್ಣೆಯ ದೀಪವನ್ನು ತೆಗೆದು ವಿದ್ಯುತ್ತಿನ ಬಲ್ಬನ್ನು ಕಟ್ಟಿದೊಡನೆ ಬೆಳಕು ಹೆಚ್ಚಾಯಿತು. ಆದರೆ ಆ ಉಸಿರಾಟ ನಿಂತಿತು. ಕಥೆ ಅದೇ, ಗೊಂಬೆ ಅದೇ, ಕೈ ಅದೇ; ಆಟ ಮಾತ್ರ ಅದೇ ಅಲ್ಲ. ಗೊಂಬೆಯಾಟವನ್ನು ಕುರಿತ ನಮ್ಮ ಬರೆವಣಿಗೆಯಲ್ಲಿ ಗೊಂಬೆಯ ಅಳತೆ, ಬಣ್ಣ, ಕಥಾಭಾಗ ಇವುಗಳಿಗೆ ದೊರೆತ ಗೌರವವು ದೀಪಕ್ಕೆ ದೊರೆಯಬೇಕಾಗಿದೆಯೆಂದು ನನ್ನ ಅಭಿಪ್ರಾಯ.

ವಂಶಾವಳಿಯನ್ನು ಕಟ್ಟುವ ಆತುರವು ಈ ವಿಷಯದಲ್ಲಿ ಹೊಸದೇನೂ ಅಲ್ಲ. 1243ರಲ್ಲಿ ಗುಜರಾತಿನ ಅಣಹಿಲಪಾಟಕದಲ್ಲಿ ಆಡಿದ, ಸುಭಟನ 'ದೂತಾಂಗದ'ವು ತನ್ನನ್ನು ಛಾಯಾನಾಟಕವೆಂದು ಕರೆದುಕೊಂಡಿದೆ. ಆ ಒಂದು ಹೆಸರಿನ ಮೇಲೆ ಪ್ರಾಚೀನ ಭಾರತದ ನೆರಳಾಟದ ಚರಿತ್ರೆಯನ್ನು ಕಟ್ಟಲು ಪಿಶೆಲ್ ಮುಂತಾದ ಜರ್ಮನ್ ಪಂಡಿತರು 20ನೆಯ ಶತಮಾನದ ಆದಿಯಲ್ಲಿ ಯತ್ನಿಸಿದರು. ಕೀತ್ ಮೊದಲಾದವರು ಅದನ್ನು ಸಂಶಯದಿಂದ ನೋಡಿದರು. 'ಛಾಯಾ' ಎಂದರೆ ಪರದೆಯ ಮೇಲಿನ ನೆರಳೋ, ದೊಡ್ಡ ನಾಟಕದ ಛಾಯೆಯಾದ ಕಿರುನಾಟಕವೋ ಎಂಬ ವಾದವು ಮುಗಿದಿಲ್ಲ. ಹೆಸರಿನ ಸಾಮ್ಯದಿಂದ ಹಿಂದಕ್ಕೆ ಹೋಗುವುದು ಎಷ್ಟು ಅಪಾಯವೋ, ನೋಟದ ಸಾಮ್ಯದಿಂದ ಮುಂದಕ್ಕೆ ಬರುವುದೂ ಅಷ್ಟೇ ಅಪಾಯ.

ಇನ್ನು ವಿದ್ಯುತ್ತಿನ ವಿಚಾರ. ಈ ನಾಲ್ಕು ತಾಲ್ಲೂಕುಗಳೂ 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯು ಬೇರ್ಪಡುವವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದುವು. ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರ ತಂತಿಯ ಮೇಲೆ ಹರಿದು 1902ರ ಜೂನ್ 30ರಂದು ಮೊದಲು ಮುಟ್ಟಿದುದು ಅದೇ ಕೋಲಾರ ಜಿಲ್ಲೆಯ ಚಿನ್ನದ ಗಣಿಗಳನ್ನು. ಬೆಂಗಳೂರಿನ ಬೀದಿಗಳಿಗೆ ಅದು ಬಂದದ್ದು ಮೂರು ವರ್ಷಗಳ ತರುವಾಯ, 1905ರಲ್ಲಿ. ಹೀಗೆ ಏಷ್ಯಾಖಂಡದಲ್ಲಿಯೇ ಮೊದಮೊದಲು ವಿದ್ಯುತ್ತನ್ನು ಕಂಡ ಜಿಲ್ಲೆಗಳಲ್ಲಿ ಒಂದಾಗಿದ್ದರೂ ಅಲ್ಲಿಯ ಹಳ್ಳಿಗಳ ರಂಗವು ಅನೇಕ ದಶಕಗಳ ಕಾಲ ಸೀಮೆಎಣ್ಣೆಯನ್ನೇ ನಂಬಿಕೊಂಡಿದ್ದಿತು. ಭೂಮಿಯ ಒಳಗಿನ ಗಣಿಗೆ ಬೆಳಕು, ಭೂಮಿಯ ಮೇಲಿನ ಆಟಕ್ಕೆ ಕತ್ತಲೆ. ವಿದ್ಯುತ್ತಿನ ದಾರಿಯನ್ನು ನಿರ್ಣಯಿಸಿದುದು ದೂರವಲ್ಲ, ಬೆಲೆ.

ಆ ಕತ್ತಲೆಯನ್ನು ತುಂಬಿದುದು ಪೆಟ್ರೋಮ್ಯಾಕ್ಸ್. ಹಳೆಯ ಮೈಸೂರು ಸೀಮೆಯ ಇತರ ಕಡೆಗಳಂತೆ ಈ ಭಾಗದಲ್ಲಿಯೂ ಊರಿನ ರೈತರೇ ತಿಂಗಳುಗಟ್ಟಲೆ ಹಾರ್ಮೋನಿಯಂ ಮಾಸ್ತರರಿಂದ ಪಾಠ ಹೇಳಿಸಿಕೊಂಡು 'ಕುರುಕ್ಷೇತ್ರ'ದಂಥ ಪೌರಾಣಿಕ ನಾಟಕವನ್ನು ರಾತ್ರಿಯೆಲ್ಲ ಆಡುವ ಪದ್ಧತಿ ಬೆಳೆಯಿತು. ಇದರ ಹಿಂದೆ ಕಂಪನಿ ನಾಟಕದ ಆದರ್ಶವಿದ್ದುದು ಸ್ಪಷ್ಟ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬಂದವೆಂಬುದು ಪ್ರಸಿದ್ಧವಷ್ಟೆ. ಹಳ್ಳಿಯವರಿಗೆ ಆನೆಯು ಎಲ್ಲಿಂದ ಬರಬೇಕು? ಅವರು ಬಾಡಿಗೆಗೆ ಸೀನರಿ ತಂದರು. ಅರಮನೆ, ಬೀದಿ, ಕಾಡು ಬರೆದ ಪರದೆಗಳು; ಅವುಗಳ ಮುಂದೆ ಪಾತ್ರಧಾರಿಗಳು; ದೀಪವು ಈಗ ಪರದೆಯ ಮುಂದೆ. ಚಿತ್ರವು ಹಿಂದಕ್ಕೆ ಸರಿದು ಹಿನ್ನೆಲೆಯಾಯಿತು. ದೀಪವು ಚಿತ್ರದ ಒಳಗಿನಿಂದ ಹೊರಕ್ಕೆ ಬಂದು ಅದನ್ನು ಬೆಳಗಿಸುವ ಆಳಾಯಿತು. ಇದೊಂದು ದೊಡ್ಡ ಪಲ್ಲಟ. ತರುವಾಯ ವಿದ್ಯುತ್ತು ಬಂದು, ಫೋಕಸ್ ದೀಪದ ಮುಂದೆ ಬಣ್ಣದ ಕಾಗದ ಹಚ್ಚಿದ ಚಕ್ರವನ್ನು ಕೈಯಿಂದ ತಿರುಗಿಸಿ, ದುರ್ಯೋಧನನ ಕೋಪಕ್ಕೆ ಕೆಂಪನ್ನೂ ಕೃಷ್ಣನ ಪ್ರವೇಶಕ್ಕೆ ನೀಲಿಯನ್ನೂ ತರುತ್ತಿದ್ದರು. ಪಾತ್ರಧಾರಿಗಳ ಹೆಸರುಗಳೆಲ್ಲ ಕರಪತ್ರದಲ್ಲಿ ಅಚ್ಚಾಗುತ್ತಿದ್ದುವು. ಚಕ್ರ ತಿರುಗಿಸುವವನು 'ಲೈಟಿನವನು' ಅಷ್ಟೆ.

ಈ ನಡುವೆ ಮೈಸೂರಿನಲ್ಲಿ ಇನ್ನೊಂದು ಬಗೆಯ ಬೆಳಕು ಕಾಣಿಸಿಕೊಂಡಿತು. 1912ರಲ್ಲಿ ಪೂರ್ಣಗೊಂಡ ಅರಮನೆಯ ಗೋಪುರ, ಕಮಾನು, ಅಂಚುಗಳ ಗೆರೆಯನ್ನೇ ಅನುಸರಿಸಿ ಬಲ್ಬುಗಳನ್ನು ಕೂರಿಸಲಾಗಿದೆ. ಇಂದು ಅವುಗಳ ಸಂಖ್ಯೆ ಲಕ್ಷದ ಸಮೀಪಕ್ಕೆ ಬಂದಿದೆ. ಅವು ಹೊತ್ತಿದಾಗ ನಮಗೆ ಕಾಣುವುದು ಕಟ್ಟಡವಲ್ಲ, ಕಟ್ಟಡದ ಚಿತ್ರ. ಚುಕ್ಕಿಗಳಿಂದಾದ ಚಿತ್ರ. ಇಲ್ಲಿ ದೀಪವು ಚಿತ್ರವನ್ನು ಬೆಳಗಿಸುತ್ತಿಲ್ಲ, ತಾನೇ ಚಿತ್ರದ ಒಂದು ಕಣವಾಗಿದೆ. ಕೊರತೆಯೊಂದೇ: ಒಟ್ಟಿಗೆ ಹೊತ್ತುವುದು, ಒಟ್ಟಿಗೆ ಆರುವುದು. ಚಿತ್ರವು ಕದಲುವಂತಿಲ್ಲ.

ಪ್ರತಿಯೊಂದು ದೀಪಕ್ಕೂ ಪ್ರತ್ಯೇಕವಾಗಿ ಆಜ್ಞೆ ಕೊಡುವುದು ಸಾಧ್ಯವಾದಾಗ ಈ ಕೊರತೆ ನೀಗಿತು. 1986ರಲ್ಲಿ ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯೊಂದು ಡಿಎಂಎಕ್ಸ್ 512 ಎಂಬ ಸಂಕೇತಪದ್ಧತಿಯನ್ನು ರೂಪಿಸಿತು. ಅದರ ಪ್ರಕಾರ ಒಂದೇ ತಂತಿಯ ಮೇಲೆ 512 ಸಂಖ್ಯೆಗಳು ಸಾಲಾಗಿ, ಸೆಕೆಂಡಿಗೆ ಸುಮಾರು 44 ಸಲ, ಹರಿಯುತ್ತವೆ. ಪ್ರತಿಯೊಂದು ಸಂಖ್ಯೆಯೂ 0ಯಿಂದ 255ರ ವರೆಗೆ ಇರಬಹುದು. 0 ಎಂದರೆ ಕತ್ತಲೆ, 255 ಎಂದರೆ ಪೂರ್ಣಪ್ರಕಾಶ. ಕೆಂಪು, ಹಸಿರು, ನೀಲಿ ಎಂದು ಎಲ್‌ಇಡಿ ದೀಪವೊಂದಕ್ಕೆ ಮೂರು ಸಂಖ್ಯೆಗಳು ಬೇಕಾದುದರಿಂದ ಒಂದು ತಂತಿಯು 170 ದೀಪಗಳನ್ನು ಆಳಬಲ್ಲುದು. ಸಾವಿರಾರು ದೀಪಗಳು ಬೇಕಾದಾಗ ಇಂಥ ಸಾಲುಗಳನ್ನು ಕಂಪ್ಯೂಟರು ಜಾಲದ ಮೂಲಕ ಅನೇಕವಾಗಿ ಕಳುಹಿಸುವರು.

ಈಗ ಬೆಳಕಿನ ಕನ್ಸೋಲಿನ ಮುಂದೆ ಕುಳಿತವನು ಒಂದು ಚಿತ್ರವನ್ನೋ ವಿಡಿಯೋವನ್ನೋ ಅದರೊಳಕ್ಕೆ ತುಂಬುತ್ತಾನೆ. ರಂಗದ ಮೇಲೆ ತೂಗುತ್ತಿರುವ ದೀಪಗಳು ಯಾವ ಸಾಲಿನಲ್ಲಿ ಎಷ್ಟನೆಯವು ಎಂಬುದನ್ನು ಮೊದಲೇ ನಮೂದಿಸಿರುತ್ತಾನೆ. ಯಂತ್ರವು ಆ ದೀಪಗಳ ನಕ್ಷೆಯನ್ನು ಚಿತ್ರದ ಮೇಲೆ ಹಾಸಿ, ಪ್ರತಿಯೊಂದು ದೀಪದ ಅಡಿಯಲ್ಲಿ ಬಿದ್ದ ಬಣ್ಣ ಯಾವುದೆಂದು ನೋಡಿ, ಅದನ್ನು ಮೂರು ಸಂಖ್ಯೆಗಳನ್ನಾಗಿ ಮಾಡಿ ಆ ದೀಪಕ್ಕೆ ಕಳುಹಿಸುತ್ತದೆ. ಇದನ್ನು ಪಿಕ್ಸೆಲ್ ಮ್ಯಾಪಿಂಗ್ ಎನ್ನುವರು. ನಮ್ಮ ಹೆಣ್ಣುಮಕ್ಕಳ ಚುಕ್ಕಿ ರಂಗೋಲಿಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುವುದು. ಅಲ್ಲಿ ಚುಕ್ಕಿಗಳನ್ನಿಟ್ಟು ಎಳೆಯಿಂದ ಕೂಡಿಸುವರು. ಇಲ್ಲಿ ಎಳೆಯಿಲ್ಲ, ಕೂಡಿಸುವ ಕೆಲಸವು ನೋಡುವವನ ಕಣ್ಣಿನದು.

ಸಾಲಿಗೆ 20ರಂತೆ 10 ಸಾಲು ದೀಪಗಳಿದ್ದರೆ ಒಟ್ಟು ಚುಕ್ಕಿಗಳು 200. ಇಷ್ಟರಲ್ಲಿ ಒಂದು ಮುಖವನ್ನು ತೋರಿಸಹೊರಟರೆ ಯಾರದೆಂದು ತಿಳಿಯುವುದಿಲ್ಲ, ಮುಖವೆಂದೇ ತಿಳಿಯದಿರಲೂಬಹುದು. ಆದರೆ ಹರಿಯುವ ನೀರನ್ನೋ ಉರಿಯುವ ಬೆಂಕಿಯನ್ನೋ ತೇಲುವ ಮೋಡವನ್ನೋ ತುಂಬಿದರೆ ರಂಗವೆಲ್ಲವೂ ನಿಜವಾಗಿ ಹರಿಯುತ್ತದೆ, ಉರಿಯುತ್ತದೆ. ರೂಪವು ನಷ್ಟವಾಗಿ ಚಲನೆಯೊಂದೇ ಉಳಿಯುತ್ತದೆ. ತೊಗಲುಗೊಂಬೆಯಲ್ಲಿ ಒಂದೇ ದೀಪ, ಸಾವಿರ ರಂಧ್ರ; ರೂಪ ತೊಗಲಿನದು, ಸ್ಪಂದನ ಬೆಂಕಿಯದು. ಇಲ್ಲಿ ಸಾವಿರ ದೀಪ, ಒಂದು ಚಿತ್ರ. ಬೆಂಕಿಯ ಸ್ಪಂದನವನ್ನು ಕೂಡ ಚಿತ್ರದಿಂದಲೇ ಎರವಲು ತರಬೇಕು. ಒಂದರ ಬಲವು ಮತ್ತೊಂದರ ಬಡತನ. ಇವೆರಡನ್ನು ಅಜ್ಜ ಮೊಮ್ಮಗ ಎನ್ನುವುದಕ್ಕಿಂತ, ಒಂದೇ ಪ್ರಶ್ನೆಗೆ ಎರಡು ಕಡೆಯಿಂದ ಬಂದ ಉತ್ತರಗಳೆನ್ನುವುದು ಯುಕ್ತವಾಗಿ ತೋರುತ್ತದೆ.

ಆವಲಗುರ್ಕಿಯ ಪ್ರದರ್ಶನವು ಇವೆರಡಕ್ಕೂ ಭಿನ್ನವಾದ ಮೂರನೆಯ ಬಗೆ. ಅಲ್ಲಿ ಚಿತ್ರವನ್ನು ಪ್ರೊಜೆಕ್ಟರುಗಳಿಂದ ದೂರದಿಂದ ಎಸೆಯುವರು. ಮೂರ್ತಿಯ ಮೂಗು, ಹಣೆ, ಭುಜಗಳ ಉಬ್ಬುತಗ್ಗುಗಳಿಗೆ ಹೊಂದುವಂತೆ ಮೊದಲೇ ಚಿತ್ರವನ್ನು ಬಗ್ಗಿಸಿಕೊಂಡಿರುವರು. ರೂಪವು ಮೂರ್ತಿಯದೇ, ಬೆಳಕು ಅದಕ್ಕೆ ವೇಷ ಹಾಕುತ್ತದೆ. ಇದರ ಹತ್ತಿರದ ಬಂಧುವನ್ನು ಹುಡುಕಬೇಕಾದರೆ ಗೊಂಬೆಯಾಟಕ್ಕೆ ಹೋಗುವುದಕ್ಕಿಂತ, ಫ್ರಾನ್ಸಿನ ಶಾಂಬೋರ್ ಅರಮನೆಯಲ್ಲಿ 1952ರಲ್ಲಿ ಮೊದಲಾಗಿ ದೆಹಲಿಯ ಕೆಂಪುಕೋಟೆಗೆ 1965ರಲ್ಲಿ ಬಂದ ಧ್ವನಿ-ಬೆಳಕು ಪ್ರದರ್ಶನಕ್ಕೆ ಹೋಗುವುದು ಲೇಸು. ಅಲ್ಲಿಯೂ ನಿಂತ ಕಟ್ಟಡವೇ ನಟ.

ಇಷ್ಟು ವಿಂಗಡಿಸುವುದರಿಂದ ಏನು ಲಾಭವೆಂದು ಕೇಳಬಹುದು. ತೊಗಲುಗೊಂಬೆಯನ್ನು 'ಚಲನಚಿತ್ರದ ಪೂರ್ವರೂಪ'ವೆಂದು ಹೊಗಳಿದಾಗ, ಮುಂದಿನದು ಬಂದ ಮೇಲೆ ಹಿಂದಿನದರ ಕೆಲಸ ಮುಗಿಯಿತೆಂಬ ಅರ್ಥವೂ ಆ ಹೊಗಳಿಕೆಯಲ್ಲಿ ಅಡಗಿರುತ್ತದೆ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರಿಗೆ 2025ರಲ್ಲಿ ಪದ್ಮಶ್ರೀ ಘೋಷಿತವಾದುದು ಪೂರ್ವರೂಪವೊಂದಕ್ಕಲ್ಲ, ಬದುಕಿರುವ ಒಂದು ವಿದ್ಯೆಗೆ. ಎಂ. ಎಸ್. ನಂಜುಂಡರಾಯರ ಪರಿಶ್ರಮದಿಂದ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಗೊಂಬೆಗಳ ದೊಡ್ಡ ಸಂಗ್ರಹವೇ ಉಳಿದುಕೊಂಡಿದೆ. ಗೊಂಬೆಗಳನ್ನು ಕೂಡಿಡುವುದು ಸಾಧ್ಯ. ದೀಪದ ತಿಳಿವಳಿಕೆಯನ್ನು ಪೆಟ್ಟಿಗೆಯಲ್ಲಿ ಕೂಡಿಡಲಾಗದು. ಮುಂದಿನಿಂದ ಬೆಳಕು ಬಿದ್ದ ಗೊಂಬೆಯು ಬಣ್ಣ ಬಳಿದ ಚರ್ಮವಾಗಿ ಕಾಣುತ್ತದೆಯೇ ಹೊರತು ಅದರ ಕೆಂಪು ಉರಿಯುವುದಿಲ್ಲ.

ಆದುದರಿಂದ ಈ ಸೀಮೆಯಲ್ಲಿ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳು ಗೊಂಬೆಯ ಉದ್ದಗಲಗಳ ಜೊತೆಗೆ ಇನ್ನು ಕೆಲವನ್ನು ಬರೆದುಕೊಂಡು ಬರಬೇಕೆಂದು ಕೋರುತ್ತೇನೆ: ದೀಪವನ್ನು ನೆಲದಿಂದ ಎಷ್ಟು ಎತ್ತರದಲ್ಲಿ, ಪರದೆಯಿಂದ ಎಷ್ಟು ದೂರದಲ್ಲಿ ಕಟ್ಟುತ್ತಿದ್ದರು, ಯಾವ ಎಣ್ಣೆ, ಎಷ್ಟು ಬತ್ತಿ, ಯುದ್ಧದ ಸನ್ನಿವೇಶದಲ್ಲಿ ಕುಡಿಯನ್ನು ಏರಿಸುತ್ತಿದ್ದರೆ, ಏರಿಸುತ್ತಿದ್ದವರು ಯಾರು, ಬಲ್ಬು ಬಂದ ವರ್ಷ ಯಾವುದು, ಅದು ಬಂದ ಮೇಲೆ ಗೊಂಬೆಯ ಬಣ್ಣವನ್ನು ಗಾಢಮಾಡಬೇಕಾಯಿತೇ. ಪೌರಾಣಿಕ ನಾಟಕದ ಸೀನರಿಯವರನ್ನು ಕಂಡಾಗ, ಬಣ್ಣದ ಚಕ್ರ ತಿರುಗಿಸಿದವನ ಹೆಸರನ್ನೂ ಕೇಳಿ ಬರೆದುಕೊಳ್ಳಬೇಕು.